ಹಳದಿ ಬೋರ್ಡು

ಇವತ್ತು ಚಿಂತಾಮಣಿಯಲ್ಲಿ ಜೆರಾಕ್ಸ್ ಮಾಡಿಸಲು ಹೋಗಿದ್ದೆ. ಅಂಗಡಿಯಣ್ಣ ಅಟ್ಟ ಕ್ಲೀನ್ ಮಾಡುತ್ತಿದ್ದರು. ಧೂಳಿನ ನಡುವೆ ಒಂದು ಹಳದಿ ಬೋರ್ಡು ಕೆಳಗಿಳಿಯಿತು.

ಎಸ್‌ಟಿಡಿ, ಐಎಸ್‌ಡಿ, ಪಿಸಿಒ. ದುಡ್ಡು ಕೊಟ್ಟು ಬೇರೆ ಊರಿಗೆ, ಬೇರೆ ದೇಶಕ್ಕೆ ಫೋನ್ ಮಾಡುತ್ತಿದ್ದ ಬೂತಿನ ಬೋರ್ಡು.

"ಗುಜರಿಗೆ ಹಾಕ್ತೀರಾ ಅಣ್ಣಾ?"
"ಅಯ್ಯೋ ಇಲ್ಲಪ್ಪ. ಮನೆ ನಡೆಸಿದ್ದೇ ಇದು ಅಲ್ವಾ?"

ನನಗೆ ಆ ಗಾಜಿನ ಗೂಡು ನೆನಪಾಯಿತು. ರಾತ್ರಿ ರೇಟು ಕಡಿಮೆ ಅಂತ ಊಟ ಮುಗಿಸಿ ಹೋಗಿ ಕ್ಯೂ ನಿಲ್ಲುತ್ತಿದ್ದೆವು. ಅಮ್ಮ ಪುಣೆಯ ಮಾವನ ಜೊತೆ ಮಾತಾಡುತ್ತಿದ್ದರೂ ಕಣ್ಣೆಲ್ಲ ಮೀಟರಿನ ಕೆಂಪು ಅಂಕಿಗಳ ಮೇಲೆ. ಕೊನೆಗೆ ಕಿರ್ರ್ ಅಂತ ಪುಟ್ಟ ಬಿಲ್ಲು ಬರೋದು. ಅದನ್ನೂ ಮಡಚಿ ಇಟ್ಟುಕೊಳ್ಳುತ್ತಿದ್ದಳು.

ಈ ಬೋರ್ಡಿನ ಹಿಂದೆ ಸ್ಯಾಮ್ ಪಿತ್ರೋಡಾ ಇದ್ದಾರೆ. ಒಡಿಶಾದ ಟಿಟಲಾಗಢದಲ್ಲಿ 1942ರಲ್ಲಿ ಹುಟ್ಟಿದವರು. ಅಮೆರಿಕಕ್ಕೆ ಹೋಗುವವರೆಗೂ ಫೋನೇ ಬಳಸಿರಲಿಲ್ಲವಂತೆ! ಅಲ್ಲಿ ಕರೆಗಳನ್ನು ಜೋಡಿಸುವ ಟೆಲಿಫೋನ್ ಸ್ವಿಚ್ ಮಾಡಿಯೇ ದುಡ್ಡು, ಹೆಸರು ಎರಡೂ ಗಳಿಸಿದರು. ಆಮೇಲೆ ಇಲ್ಲಿಗೆ ಬಂದು 1984ರಲ್ಲಿ ಸಿ-ಡಾಟ್ ಅನ್ನುವ ಸರ್ಕಾರಿ ಟೆಲಿಫೋನ್ ಸಂಶೋಧನಾ ಸಂಸ್ಥೆ ಕಟ್ಟಲು ನಿಂತರು. ಅಲ್ಲಿನ ಎಂಜಿನಿಯರುಗಳು ಹಳ್ಳಿಗೆಂದೇ ಪುಟ್ಟ ಟೆಲಿಫೋನ್ ಎಕ್ಸ್‌ಚೇಂಜ್ ಮಾಡಿದರು. ಎಸಿ ಬೇಡ. ನಮ್ಮ ಬಿಸಿಲು, ಧೂಳು ತಡೆಯುತ್ತಿತ್ತು. ಅಂಥ ಮೊದಲನೆಯದು 1986ರಲ್ಲಿ ಶುರುವಾಗಿದ್ದು ನಮ್ಮ ಕಿತ್ತೂರಿನಲ್ಲೇ.

ಮನೆಮನೆಗೂ ಫೋನ್ ಕೊಡುವುದು ಆಗದಿದ್ದರೆ ಬೀದಿಗೊಂದು ಬೂತಾದರೂ ಇರಲಿ ಅನ್ನುವ ಪಿತ್ರೋಡಾ ಅವರ ಆ ಯೋಚನೆ ಇದೆಯಲ್ಲ, ನನಗೆ ಅದೇ ಜಾಸ್ತಿ ಇಷ್ಟ.

ಅಣ್ಣ ಒದ್ದೆ ಬಟ್ಟೆಯಿಂದ ಬೋರ್ಡು ಒರೆಸಿ, ಜೆರಾಕ್ಸ್ ಮೆಷಿನ್ ಪಕ್ಕ ಗೋಡೆಗೆ ಒರಗಿಸಿ ಇಟ್ಟರು. ನಾನು ಸುಮ್ನೆ ಒಂದು ಫೋಟೊ ತೆಗೆದು ಅಮ್ಮನಿಗೆ ಕಳಿಸಿದೆ.