ಅದು ಸತ್ತಿಲ್ಲ ಅಕ್ಕಾ

ಭಾವನ ಕಾರಿನ ಬ್ಯಾಟರಿ ಸತ್ತಿದೆ ಎಂದು ಮೊದಲು ತೀರ್ಪು ಕೊಟ್ಟವರು ನಮ್ಮ ಚಿಕ್ಕಪ್ಪ. ದೊಡ್ಡಮ್ಮನ ವೈಕುಂಠ ಸಮಾರಾಧನೆಯ ಊಟ ಮುಗಿಸಿ, ಎಲೆಯಡಿಕೆ ಬಾಯಿಗಿಟ್ಟುಕೊಂಡು ಅಂಗಳಕ್ಕೆ ಬಂದವರು ಬಾನೆಟ್ ತೆರೆಯುವ ಮೊದಲೇ ಹೇಳಿಬಿಟ್ಟರು. ಅಷ್ಟು ದಿನವೂ ಸಾವಿನ ಮಾತನ್ನೇ ಆಡಿದ್ದ ಮನೆ. ಇನ್ನೊಂದು ಸಾವು ಯಾರನ್ನೂ ಬೆಚ್ಚಿಸಲಿಲ್ಲ.

ಭಾವ ಮತ್ತೆ ಮತ್ತೆ ಕೀ ತಿರುಗಿಸುತ್ತಿದ್ದರು. ಡ್ಯಾಶ್‌ಬೋರ್ಡಿನ ದೀಪಗಳೆಲ್ಲ ಹತ್ತುತ್ತಿದ್ದವು, ಹಾರ್ನ್ ಕ್ಷೀಣವಾಗಿ ಕೂಗುತ್ತಿತ್ತು, ಸ್ಟಾರ್ಟರ್ ಮಾತ್ರ ‘ಟಕ ಟಕ ಟಕ’ ಎಂದು ಸುಮ್ಮನಾಗುತ್ತಿತ್ತು. ಜಡಿಮಳೆ ಹಿಡಿದಿತ್ತು. ಕತ್ತಲಾಗುವುದರೊಳಗೆ ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿದು ಮಂಗಳೂರು ಸೇರಬೇಕೆಂಬುದು ಅವರ ಆತುರ. ಮೂಡಿಗೆರೆಯ ಆಚೆಯ ಆ ಮೂಲೆಯಲ್ಲಿ ಮೊಬೈಲ್ ಸಿಗ್ನಲ್ ಬೇಕೆಂದರೆ ಕಣದ ಕೊನೆಯವರೆಗೆ ನಡೆದು ಹೋಗಬೇಕು, ಅಲ್ಲಿಯೂ ಅದು ಬಂದರೆ ಬಂತು.

ಜನರಿಗೇನೂ ಕೊರತೆಯಿರಲಿಲ್ಲ. ಊಟದ ನಂತರದ ಹೊತ್ತಿನಲ್ಲಿ ಗಂಡಸರಿಗೆ ಕೆಟ್ಟು ನಿಂತ ಕಾರಿಗಿಂತ ದೊಡ್ಡ ಉಪಕಾರ ಬೇರೊಂದಿಲ್ಲ. ಇಳಿಜಾರಿಗೆ ತಳ್ಳೋಣ ಎಂದರು ನಾಲ್ಕು ಜನ. ಕ್ಲಚ್ ಪೆಡಲೇ ಇಲ್ಲದ ಆಟೋಮ್ಯಾಟಿಕ್ ಗಾಡಿ, ತಳ್ಳಿದರೆ ಗೇಟಿನವರೆಗೆ ಹೋಗಿ ನಿಲ್ಲುತ್ತದೆ ಅಷ್ಟೆ ಎಂದು ಭಾವ ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ವಿವರಿಸಿದರು. ಅಂಗಳದ ತುಂಬ ವಾಹನಗಳಿದ್ದವು, ಒಂದು ಗಾಡಿಯ ಬ್ಯಾಟರಿಯಿಂದ ಇನ್ನೊಂದಕ್ಕೆ ಕರೆಂಟ್ ಕೊಡುವ ಜಂಪರ್ ಕೇಬಲ್ ಒಂದರಲ್ಲೂ ಇರಲಿಲ್ಲ. ಹೊಸ ಕಾರು ಕೊಂಡಿರುವ ನನ್ನ ಚಿಕ್ಕಪ್ಪನ ಮಗ ಕೇಬಲ್ ಮಾತು ಎದ್ದೊಡನೆ ಮಜ್ಜಿಗೆ ಕುಡಿಯುವ ನೆಪದಲ್ಲಿ ಹಿತ್ತಲಿಗೆ ಹೋದವನು ಎಲ್ಲ ಮುಗಿದ ಮೇಲೆಯೇ ಬಂದ. ಅವನು ಚಿಕ್ಕಂದಿನಿಂದಲೂ ಹಾಗೆಯೇ.

ಭಾವನ ಬಳಿ ಅಸ್ತ್ರ ಇಲ್ಲದೆ ಇರಲಿಲ್ಲ. ಡಿಕ್ಕಿಯಿಂದ ಕಿತ್ತಳೆ ಬಣ್ಣದ ಒಂದು ಲಿಥಿಯಂ ಜಂಪ್ ಸ್ಟಾರ್ಟರ್, ಅಂದರೆ ಕಾರಿನ ಬ್ಯಾಟರಿ ಕೈಕೊಟ್ಟಾಗ ಎಂಜಿನ್ ಎಬ್ಬಿಸುವ ಪುಟ್ಟ ಬ್ಯಾಟರಿ ಪೆಟ್ಟಿಗೆ, ತೆಗೆದರು. ಅದರ ಗುಂಡಿ ಒತ್ತಿದರೆ ಒಂದು ಚುಕ್ಕಿ ದೀಪವೂ ಹತ್ತಲಿಲ್ಲ. ಆಪತ್ತಿಗಿರಲಿ ಎಂದು ಕೊಂಡ ವಸ್ತುವನ್ನು ಮಂಗಳೂರಿನ ಬೇಸಿಗೆಯಿಡೀ ಮುಚ್ಚಿದ ಕಾರಿನೊಳಗೆ ಬೇಯಿಸಿ, ನಡುವೆ ಒಮ್ಮೆಯೂ ಚಾರ್ಜ್ ಮಾಡದೆ, ಸಮಯಕ್ಕೆ ಕೈಹಿಡಿಯಲಿ ಎಂದರೆ ಅದು ತಾನೇ ಏನು ಮಾಡೀತು? ಲಿಥಿಯಂ ಕೋಶಗಳಿಗೆ ಬಿಸಿ ಆಗಿಬರುವುದಿಲ್ಲ, ಕೆಲವು ತಿಂಗಳಿಗೊಮ್ಮೆ ಅವಕ್ಕೆ ಚಾರ್ಜ್ ಉಣಿಸಬೇಕು.

ಆಗ ಬಂದವನು ಪಕ್ಕದ ತೋಟದ ಜೀಪು ಓಡಿಸುವ ಹುಡುಗ. ಊಟದ ದೊಡ್ಡ ಪಾತ್ರೆಗಳನ್ನು ಒಯ್ಯಲು ಬಂದಿದ್ದ. ಸ್ವಲ್ಪ ಹೊತ್ತು ಎಲ್ಲರ ಮಾತು ಕೇಳಿಸಿಕೊಂಡು, ಜೀಪಿನ ಸೀಟಿನ ಕೆಳಗಿನಿಂದ ಒಂದು ಕಪ್ಪು ಪೆಟ್ಟಿಗೆ ತಂದು, ಕೆಂಪು ಕ್ಲಿಪ್ಪು, ಕಪ್ಪು ಕ್ಲಿಪ್ಪುಗಳನ್ನು ಬ್ಯಾಟರಿಗೆ ಸಿಕ್ಕಿಸಿದ. ಬಾನೆಟ್ಟಿನ ಮೇಲೆ ಕೊಡೆ ಹಿಡಿದು ನಿಂತವಳು ನಾನು.

“ಚಾರ್ಜ್ ಮಾಡಿಕೊಂಡು ತಂದಿದ್ದೀಯೇನಪ್ಪಾ?” ಎಂದರು ಭಾವ, ತಮ್ಮದರ ಗತಿ ನೆನೆದು.

“ಇಲ್ಲ ಸಾರ್, ಖಾಲಿ ಇದೆ.”

“ಖಾಲಿ ಪೆಟ್ಟಿಗೆಯಿಂದ ಏನು ಮಾಡುತ್ತೀಯ?”

“ನಿಮ್ಮ ಬ್ಯಾಟರಿಯಿಂದಲೇ ತುಂಬಿಸಿಕೊಳ್ಳುತ್ತದೆ ಸಾರ್.”

ಚಿಕ್ಕಪ್ಪ ನಕ್ಕರು, ಅವರ ಹಿಂದೆ ಉಳಿದವರೂ ನಕ್ಕರು. ಸತ್ತ ಬ್ಯಾಟರಿಯಿಂದ ಏನನ್ನಪ್ಪ ತುಂಬಿಸಿಕೊಳ್ಳುತ್ತದೆ ಎಂದು ಯಾರೋ ಕೇಳಿದರು. ಹುಡುಗ ಅವರ ಕಡೆ ನೋಡಲಿಲ್ಲ. ಕೊಡೆ ಹಿಡಿದವಳ ಮೇಲೆ ಏನು ನಂಬಿಕೆ ಬಂತೋ, ನನಗೆ ಹೇಳಿದ: “ಅದು ಸತ್ತಿಲ್ಲ ಅಕ್ಕಾ. ಕರೆಂಟ್ ಇದೆ. ಒಂದೇ ಸಲಕ್ಕೆ ಕೊಡಲು ಆಗುತ್ತಿಲ್ಲ, ಅಷ್ಟೆ.”

ಪೆಟ್ಟಿಗೆಯ ಪುಟ್ಟ ಪರದೆಯಲ್ಲಿ ಅಂಕಿ ಏರುತ್ತಾ ಹೋಯಿತು. ಒಂದೆರಡು ನಿಮಿಷ ಕಳೆದಿರಬೇಕು. “ಈಗ ಹೊಡೆಯಿರಿ ಸಾರ್” ಎಂದ. ಭಾವ ಕೀ ತಿರುಗಿಸಿದರು. ಎಂಜಿನ್ ಮೊದಲ ತಿರುವಿಗೇ ಎದ್ದು ಕುಳಿತಿತು.

ನಾನು ಹಾಸನದಲ್ಲಿ ಪಿಯುಸಿ ಮಕ್ಕಳಿಗೆ ಭೌತವಿಜ್ಞಾನ ಕಲಿಸುವವಳು. ಆ ಕಪ್ಪು ಪೆಟ್ಟಿಗೆಯೊಳಗಿದ್ದುದು ಕೆಪಾಸಿಟರ್, ಅಂದರೆ ಚಾರ್ಜ್ ಕೂಡಿಟ್ಟುಕೊಂಡು ಒಮ್ಮೆಗೇ ಸುರಿಯಬಲ್ಲ ಸಾಧನ. ವರ್ಷಕ್ಕೊಮ್ಮೆ ಅದರ ಪಾಠ ಬರುತ್ತದೆ. ಲೈಡನ್ ಜಾಡಿಯ ಕಥೆ ಹೇಳಿ, ಎರಡು ತಟ್ಟೆಗಳ ಚಿತ್ರ ಬರೆದು, ಅರ್ಧ ಸಿ ವಿ ಸ್ಕ್ವೇರ್ ಎಂದು ಸೂತ್ರ ಬರೆಸಿ, ಪರೀಕ್ಷೆಗೆ ಬರುವ ಲೆಕ್ಕ ಬಿಡಿಸಿ ಮುಂದಕ್ಕೆ ಹೋಗುತ್ತೇನೆ. ಮಕ್ಕಳು ಆಕಳಿಸುತ್ತಾರೆ. ಹುಡುಗ ಹೇಳಿದ್ದು ಎರಡು ಸಾಲು. ಒಳರೋಧದ, ಅಂದರೆ ಬ್ಯಾಟರಿ ತನ್ನೊಳಗೇ ಕರೆಂಟಿಗೆ ಒಡ್ಡುವ ತಡೆಯ ಪಾಠವೂ ಕೆಪಾಸಿಟರಿನ ಪಾಠವೂ ಅದರೊಳಗೆ ಬಂದುಹೋಗಿದ್ದವು. ವಾರವಿಡೀ ಆ ಮಾತು ಕಿವಿಯಲ್ಲಿದೆ. ಕೂತು ಲೆಕ್ಕ ಹಾಕಿದರೆ ಅಕ್ಷರಶಃ ಸರಿ.

ಸಣ್ಣ ಪೆಟ್ರೋಲ್ ಕಾರಿನ ಬ್ಯಾಟರಿ 12 ವೋಲ್ಟ್, 35 ಆಂಪಿಯರ್-ಗಂಟೆ ಎಂದುಕೊಳ್ಳಿ. ತುಂಬಿದಾಗ ಅದರಲ್ಲಿರುವುದು ಸುಮಾರು 15 ಲಕ್ಷ ಜೂಲ್. ಎಂಜಿನ್ನನ್ನು ಎಬ್ಬಿಸಲು ಬೇಕಾದದ್ದು ಎರಡು ಮೂರು ಸಾವಿರ ಜೂಲ್. ಬರಿದಾಗಿದೆ ಎನ್ನುವ ಬ್ಯಾಟರಿಯಲ್ಲಿ ಹತ್ತರಲ್ಲೊಂದು ಪಾಲು ಉಳಿದಿದ್ದರೂ ಅದು ಬೇಕಾದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ತೊಂದರೆ ಅದನ್ನು ಕೇಳುವ ರೀತಿಯಲ್ಲಿದೆ. ಸ್ಟಾರ್ಟರ್ ಒಮ್ಮೆಗೇ ನೂರು, ನೂರೈವತ್ತು ಆಂಪಿಯರ್ ಎಳೆಯುತ್ತದೆ. ಹಳೆಯ ಬ್ಯಾಟರಿಯ ಸೀಸದ ಫಲಕಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂತು ಒಳರೋಧ ಹೆಚ್ಚಿರುತ್ತದೆ. ಅದು 0.04 ಓಮ್ ಆಗಿದ್ದರೂ ಸಾಕು, 150 ಆಂಪಿಯರ್ ಹರಿದೊಡನೆ 6 ವೋಲ್ಟ್ ಬ್ಯಾಟರಿಯೊಳಗೇ ಕರಗಿಹೋಗುತ್ತದೆ. ಅದೇ ಬ್ಯಾಟರಿಯಿಂದ 5 ಆಂಪಿಯರ್ ಕೇಳಿದರೆ ಕರಗುವುದು ಬರೀ 0.2 ವೋಲ್ಟ್. ಪೆಟ್ಟಿಗೆ ಕೇಳಿದ್ದು ಅಷ್ಟನ್ನೇ, ಅಂದರೆ ಒಂದು ಹೆಡ್‌ಲೈಟ್ ಉರಿಯಲು ಬೇಕಾಗುವಷ್ಟು. ಎರಡು ನಿಮಿಷ ಹಾಗೆ ಕೇಳಿ, ಅದರ ವೋಲ್ಟೇಜನ್ನು ಒಳಗಿನ ಮಂಡಲದಿಂದ 14–15ಕ್ಕೆ ಏರಿಸಿ, ಸುಮಾರು ಆರು ಸಾವಿರ ಜೂಲ್ ಕೂಡಿಟ್ಟುಕೊಂಡು, ಎರಡು ಸೆಕೆಂಡಿನಲ್ಲಿ ಸ್ಟಾರ್ಟರಿಗೆ ಸುರಿದುಬಿಟ್ಟಿತು.

ಕೆಪಾಸಿಟರ್ ಎಂದಾಗ ಚಿಕ್ಕಪ್ಪನಿಗೆ ತಿಳಿಯಲಿಲ್ಲ, ಕಂಡೆನ್ಸರ್ ಎಂದಾಗ ತಿಳಿಯಿತು. “ಪಂಪ್‌ಸೆಟ್ಟಿಗೆ ಹಾಕುವುದಾ?” ಎಂದರು. ಅದರ ವಂಶವೇ, ಆದರೆ ಗಾತ್ರ ಬೇರೆ. ಕೆಪಾಸಿಟರ್ ಎಷ್ಟು ಚಾರ್ಜ್ ಹಿಡಿಯಬಲ್ಲದು ಎಂಬುದರ ಅಳತೆ ಫ್ಯಾರಡ್. ನಮ್ಮ ಫ್ಯಾನಿನಲ್ಲಿರುವುದು 2.5 ಮೈಕ್ರೋಫ್ಯಾರಡ್. ಇಂಥ ಪೆಟ್ಟಿಗೆಯಲ್ಲಿ 350 ಫ್ಯಾರಡ್‌ನವು ಇದ್ದರೆ ಒಂದೊಂದೂ ಅದರ 14 ಕೋಟಿ ಪಟ್ಟು. ಒಂದೊಂದು ತಡೆಯುವುದು 2.7 ವೋಲ್ಟ್ ಮಾತ್ರ, ಹಾಗಾಗಿ ಐದಾರನ್ನು ಸಾಲಾಗಿ ಜೋಡಿಸುತ್ತಾರೆ. ಇಷ್ಟು ಚಾರ್ಜ್ ಹಿಡಿಯುವುದು ಹೇಗೆಂದರೆ ಇದ್ದಿಲಿನಿಂದ, ಅದರಲ್ಲೂ ತೆಂಗಿನ ಚಿಪ್ಪನ್ನು ಸುಟ್ಟು ಹದಮಾಡಿದ ಇದ್ದಿಲು ಈ ಕೆಲಸಕ್ಕೆ ಹೆಸರಾದದ್ದು. ನಮ್ಮ ಅರಸೀಕೆರೆಯವರು ಒಲೆಗೆ ಹಾಕುವ ಅದೇ ಚಿಪ್ಪು. ಅದರ ಒಂದು ಗ್ರಾಮಿನ ಸೂಕ್ಷ್ಮ ರಂಧ್ರಗಳ ಒಳಮೈಯನ್ನೆಲ್ಲ ಹರವಿದರೆ ಸಾವಿರ ಚದರ ಮೀಟರ್ ಮೀರುತ್ತದೆ. ಹತ್ತು ಗುಂಟೆ ಎಂದು ನಾನು ಚಿಕ್ಕಪ್ಪನ ಲೆಕ್ಕಕ್ಕೆ ಇಳಿಸಿ ಹೇಳಿದೆ. “ಖಾತೆ ಮಾಡಿಸಬಹುದೇನಮ್ಮಾ?” ಎಂದರು.

ಈ ಬಗೆಯ ಕೆಪಾಸಿಟರಿಗೆ 1957ರಲ್ಲಿ ಜನರಲ್ ಎಲೆಕ್ಟ್ರಿಕ್, 1966ರಲ್ಲಿ ಸ್ಟ್ಯಾಂಡರ್ಡ್ ಆಯಿಲ್ ಆಫ್ ಓಹಾಯೋ ಪೇಟೆಂಟ್ ಪಡೆದವು. ಎರಡನೆಯದು ಎಣ್ಣೆ ಮಾರುವ ಕಂಪನಿ ಎಂಬುದು ನನಗೆ ಯಾವಾಗಲೂ ತಮಾಷೆ. 1978ರಲ್ಲಿ ಜಪಾನಿನ ಎನ್ಇಸಿ ಮಾರುಕಟ್ಟೆಗೆ ತಂದಾಗ ಇದರ ಕೆಲಸ ಕಂಪ್ಯೂಟರಿನ ಮೆಮೊರಿಯನ್ನು ಕಾಯುವುದಾಗಿತ್ತು.

ಆದರೆ ಲೆಕ್ಕ ಮುಗಿದ ಮೇಲೂ ಮಾತು ಬಿಡಲಿಲ್ಲ. ಒಂದೇ ಸಲಕ್ಕೆ ಕೊಡಲು ಆಗುತ್ತಿಲ್ಲ, ಅಷ್ಟೆ. ನಾವೆಲ್ಲ ಅಂದು ಯಾರ ಹೆಸರಿನಲ್ಲಿ ಉಂಡಿದ್ದೆವೋ ಆ ದೊಡ್ಡಮ್ಮ ಜೀವಮಾನದಲ್ಲಿ ಎಂದೂ ಒಟ್ಟಿಗೆ ದುಡ್ಡು ಕಂಡವರಲ್ಲ. ಕಾಫಿಯ ಹಣ ದೊಡ್ಡಪ್ಪನ ಕೈಗೆ, ಅಲ್ಲಿಂದ ಬ್ಯಾಂಕಿಗೆ, ಅಲ್ಲಿಂದ ಸಾಲಕ್ಕೆ. ದೊಡ್ಡಮ್ಮನದು ಮೆಣಸಿನ ಬಳ್ಳಿಯ ಬುಡದಲ್ಲಿ ಉದುರಿದ ಕಾಳು, ನಾಟಿಕೋಳಿಯ ಮೊಟ್ಟೆ. ಅದನ್ನು ಮಾರಿ ತಿಂಗಳಿಗಿಷ್ಟು ಎಂದು ಊರಿನ ಚೀಟಿಗೆ ಕಟ್ಟುತ್ತಿದ್ದರು. ನನ್ನ ಬಿ.ಎಸ್ಸಿ. ಹಾಸ್ಟೆಲ್ ಶುಲ್ಕಕ್ಕೆ ಮನೆಯ ಗಂಡಸರೆಲ್ಲ ಕೈಯಾಡಿಸಿದಾಗ, ಅವರು ಚೀಟಿ ಎತ್ತಿ ಅಷ್ಟನ್ನೂ ತಂದು ನನ್ನ ಅಪ್ಪನ ಮುಂದೆ ಇಟ್ಟರು. ಆ ಕಪ್ಪು ಪೆಟ್ಟಿಗೆ ನನಗೆ ಚೀಟಿಯ ಹಾಗೆಯೇ ಕಂಡಿತು. ದೋಷಗಳೂ ಅವೇ. ಕೆಪಾಸಿಟರಿನಲ್ಲಿ ಇಟ್ಟದ್ದು ದಿನ ಕಳೆದಂತೆ ತಾನೇ ಸೋರಿಹೋಗುತ್ತದೆ. ದೊಡ್ಡಮ್ಮನ ಒಂದು ಚೀಟಿಯನ್ನು ನಡೆಸುವವನೇ ಹೊತ್ತುಕೊಂಡು ಊರು ಬಿಟ್ಟಿದ್ದ.

ಕೊನೆಯ ವರ್ಷಗಳಲ್ಲಿ ಮಂಡಿ ಹೋಗಿ ಜಗುಲಿಯಲ್ಲೇ ಕೂತಿದ್ದರು. “ಅವರ ಕೈಯಲ್ಲಿ ಇನ್ನೇನೂ ಆಗುವುದಿಲ್ಲ” ಎಂದು ಮನೆಯವರೆಲ್ಲ ಅವರೆದುರಿಗೇ ಹೇಳುತ್ತಿದ್ದರು. ಮೊರದಲ್ಲಿ ಕಾಫಿ ಬೀಜ ಹರವಿಕೊಂಡು ಕಪ್ಪು ಕಾಳು, ಒಡಕು ಕಾಳು ಆರಿಸುತ್ತಾ ಅವರು ಅದನ್ನು ಕೇಳಿಸಿಕೊಳ್ಳುತ್ತಿದ್ದರು. ಹಂಗಾಮು ಮುಗಿಯುವಾಗ ಆರಿಸಿದ ಬೀಜದ ಮೂಟೆಗಳನ್ನು ಎತ್ತಿ ಜೀಪಿಗೆ ಹಾಕುತ್ತಿದ್ದವರೂ ಹಾಗೆ ಹೇಳಿದವರೇ.

ನಿನ್ನೆ ಭಾವ ಫೋನ್ ಮಾಡಿದ್ದರು. ಬ್ಯಾಟರಿ ಅಂಗಡಿಯವನು ಲೋಡ್ ಟೆಸ್ಟರ್ ಹಿಡಿದು ನೋಡಿ, ಇದು ಸತ್ತಿದೆ ಎಂದನಂತೆ. ಅದನ್ನು ಹೇಳುವಾಗ ಅವರ ಧ್ವನಿಯಲ್ಲಿ ಗೆಲುವಿತ್ತು. ಅಂಗಡಿಗೆ ಹೇಗೆ ಹೋದಿರಿ ಎಂದು ಕೇಳಿದೆ. ಅದರಲ್ಲೇ ಓಡಿಸಿಕೊಂಡು ಹೋದೆ ಎಂದರು. ಹೊಸ ಬ್ಯಾಟರಿ ಹಾಕಿಸಿದ್ದು ಸರಿಯೇ, ಆ ಹಳೆಯದನ್ನು ನಂಬಿ ದಿನಾ ಘಾಟಿ ಹತ್ತಲಾಗದು. ಈಗ ಅವರಿಗೆ ಆ ಕಪ್ಪು ಪೆಟ್ಟಿಗೆಯೂ ಬೇಕಂತೆ. ಕೊಳ್ಳಿ, ಆದರೆ ಕಿತ್ತಳೆಯದನ್ನು ಎಸೆಯಬೇಡಿ, ಚಾರ್ಜ್ ನಿಲ್ಲುವಂತಿದ್ದರೆ ನಾಲ್ಕಾರು ಸಲ ಸ್ಟಾರ್ಟ್ ಮಾಡಬಹುದು, ಮೊಬೈಲಿಗೂ ಆಗುತ್ತದೆ ಎಂದೆ. ಕೆಪಾಸಿಟರಿನದು ಒಂದೆರಡು ಪ್ರಯತ್ನದ ಆಟ. ಹತ್ತದಿದ್ದರೆ ಮತ್ತೆ ತುಂಬುವವರೆಗೆ ಕಾಯಬೇಕು. ಬ್ಯಾಟರಿ ನಿಜಕ್ಕೂ ಪೂರ್ತಿ ಬರಿದಾಗಿದ್ದರೆ ಬೇರೆ ವಾಹನದಿಂದಲೋ ಮೊಬೈಲ್ ಚಾರ್ಜರಿನಿಂದಲೋ ತುಂಬಿಸಿಕೊಳ್ಳಬೇಕು.

ಚಿಕ್ಕಪ್ಪನೂ ಟ್ರ್ಯಾಕ್ಟರಿಗೆ ಒಂದು ಕೇಳಿದರು. ಡೀಸೆಲ್ ಎಂಜಿನ್ ತಿರುಗಿಸಲು ಇದಕ್ಕಿಂತ ದೊಡ್ಡದು ಬೇಕು, ಬೆಲೆಯೂ ದೊಡ್ಡದು ಎಂದೆ. ಸ್ವಲ್ಪ ಯೋಚಿಸಿದರು. ಅವರ ಟ್ರ್ಯಾಕ್ಟರ್ ಎಷ್ಟೋ ವರ್ಷದಿಂದ ರಾತ್ರಿ ನಿಲ್ಲುವುದು ಕೊಟ್ಟಿಗೆಯ ಮೇಲಿನ ದಿಬ್ಬದಲ್ಲಿ, ಮೂತಿ ಕೆಳಗೆ ಮಾಡಿಕೊಂಡು.

“ಹಾಗಾದರೆ ಬೇಡ ಬಿಡಮ್ಮಾ, ನಮ್ಮೂರಿನಲ್ಲಿ ಇಳಿಜಾರಿಗೆ ಬರ ಬಂದಿಲ್ಲ” ಎಂದು ಫೋನ್ ಇಟ್ಟರು.