ಒಂದು ಚೌಕಟ್ಟು, ಎರಡು ಲ್ಯಾಬ್

ಭೂಕಂಪಕ್ಕೆ ಕಟ್ಟಡ ಹೇಗೆ ವರ್ತಿಸುತ್ತದೆ ಅಂತ ನೋಡೋದಕ್ಕೆ 2003ರಲ್ಲಿ ಅಮೆರಿಕದಲ್ಲಿ ನಡೆದ ಒಂದು ಪ್ರಯೋಗ ಇವತ್ತೆಲ್ಲ ತಲೆಯಲ್ಲಿ ಸುತ್ತುತ್ತಿದೆ. ಒಂದು ಉಕ್ಕಿನ ಚೌಕಟ್ಟು. ಅದರ ಒಂದು ಕಂಬ ಇಲಿನಾಯ್ ವಿಶ್ವವಿದ್ಯಾಲಯದ ಲ್ಯಾಬಿನಲ್ಲಿ, ಇನ್ನೊಂದು ಕೊಲರಾಡೋದಲ್ಲಿ. ಉಳಿದ ಭಾಗ ಬರೀ ಕಂಪ್ಯೂಟರಿನೊಳಗೆ! ಕಂಬವನ್ನು ಎಷ್ಟು ಸರಿಸಬೇಕು ಅಂತ ಕಂಪ್ಯೂಟರ್ ಹೇಳುತ್ತದೆ, ಯಂತ್ರ ಅಷ್ಟೇ ತಳ್ಳುತ್ತದೆ. ಕಂಬ ಎಷ್ಟು ಬಲದಿಂದ ತಡೆಯಿತು ಅನ್ನುವ ಲೆಕ್ಕ ಇಂಟರ್‌ನೆಟ್ಟಿನಲ್ಲಿ ವಾಪಸ್ ಬರುತ್ತದೆ. ಆಮೇಲೆ ಮುಂದಿನ ಹೆಜ್ಜೆ. ಕೆಲವೇ ಸೆಕೆಂಡುಗಳ ಭೂಕಂಪವನ್ನು ಹೀಗೆ ಗಂಟೆಗಟ್ಟಲೆ ನಡೆಸಿದರು. 1,500 ಹೆಜ್ಜೆಗಳಲ್ಲಿ 1,493 ಮುಗಿದಾಗ ನೆಟ್‌ವರ್ಕ್ ಕೈಕೊಟ್ಟಿತು. ಆದರೂ ಅದು ದೊಡ್ಡ ಗೆಲುವು ಅಂತಲೇ ನನಗನ್ನಿಸುತ್ತದೆ.

ಇದೇ ದಾರಿಯಲ್ಲಿ ನೀಸ್ ಅನ್ನುವ, ಭೂಕಂಪ ಪ್ರಯೋಗಗಳ ಲ್ಯಾಬ್‌ಗಳ ಜಾಲ 2004ರಿಂದ ಹತ್ತು ವರ್ಷ ನಡೆಯಿತು. ಈಗ ಅದರ ಡೇಟಾ ಡಿಸೈನ್‌ಸೇಫ್ ಅನ್ನುವ ಜಾಲತಾಣದಲ್ಲಿದೆ. ಯಾರು ಬೇಕಾದರೂ ತೆಗೆದು ನೋಡಬಹುದು. ಭೂಕಂಪಕ್ಕೆ ಕಟ್ಟಡ ಹೇಗೆ ಅಲುಗಾಡುತ್ತದೆ ಅಂತ ಕಂಪ್ಯೂಟರಿನಲ್ಲೇ ಲೆಕ್ಕ ಹಾಕುವ ಓಪನ್‌ಸೀಸ್ ತಂತ್ರಾಂಶವೂ ಹಾಗೇ, ಅದರ ಕೋಡ್ ಎಲ್ಲರಿಗೂ ತೆರೆದಿದೆ.

ನನಗೆ ಜಾಸ್ತಿ ಇಷ್ಟವಾಗುವುದು ಈ ಹಂಚಿಕೆಯೇ. ಕಟ್ಟಡವನ್ನೇ ಅಲುಗಾಡಿಸುವಷ್ಟು ದೊಡ್ಡ ಶೇಕ್ ಟೇಬಲ್ (ಭೂಕಂಪದ ಹಾಗೆ ಅಲುಗುವ ವೇದಿಕೆ) ಎಷ್ಟು ಕಾಲೇಜುಗಳಲ್ಲಿ ಇರೋದಕ್ಕೆ ಸಾಧ್ಯ? ಒಮ್ಮೆ ಬಿರುಕು ಬಿಟ್ಟ ಗೋಡೆ ಮತ್ತೆ ಮೊದಲಿನಂತಾಗಲ್ಲ. ಅದು ಬಿರುಕು ಬಿಟ್ಟ ಕ್ಷಣದ ಅಳತೆಗಳು ಒಂದೇ ಲ್ಯಾಬಿನ ಬೀರುವಿನಲ್ಲಿ ಉಳಿದುಬಿಟ್ಟರೆ ನಷ್ಟ ಎಲ್ಲರದೂ ಅಲ್ವಾ?