ಅಮ್ಮನ ಮಂಡಕ್ಕಿ ಗಾಡಿಗೆ ಹತ್ತು ಸಾವಿರ

ಕೊರೋನಾ ಹೊತ್ತಿಗೆ ಅಮ್ಮನ ಬಳಿ ಉಳಿದಿದ್ದು ಒಂದು ಬಾಣಲೆ, ಒಂದು ಜಾಲರಿ ಸೌಟು. ಬಾಡಿಗೆ ಗಾಡಿಯನ್ನೂ ವಾಪಸ್ ಕೊಟ್ಟಿದ್ದಳು. ದಾವಣಗೆರೆಯಲ್ಲಿ ಮಂಡಕ್ಕಿ-ಮಿರ್ಚಿಗೆ ಗಿರಾಕಿ ಇಲ್ಲ ಅನ್ನೋ ಮಾತೇ ಇಲ್ಲ, ಇಲ್ಲದ್ದು ಬಂಡವಾಳ. ಮೊದಲೆಲ್ಲ ಬೆಳಿಗ್ಗೆ 900 ಕೊಟ್ಟು ಸಂಜೆ 1,000 ವಸೂಲಿ ಮಾಡುವವರ ಹತ್ತಿರವೇ ಕೈಚಾಚುತ್ತಿದ್ದಳು.

2020ರ ಜೂನ್‌ನಲ್ಲಿ ಬೀದಿ ವ್ಯಾಪಾರಿಗಳಿಗೆ ಸಾಲ ಕೊಡುವ ಕೇಂದ್ರ ಸರ್ಕಾರದ ಯೋಜನೆ ಪಿಎಂ ಸ್ವನಿಧಿ ಶುರುವಾಯಿತು. ಆಗ ಮೊದಲ ಸಲ ಅಡಮಾನವಿಲ್ಲದೆ 10,000 ರೂಪಾಯಿವರೆಗೆ, ಒಂದು ವರ್ಷದ ಕಂತು. ಪುಕ್ಕಟೆ ಅಲ್ಲ, ಸಾಲವೇ. ಆದರೆ ಸರಿಯಾಗಿ ಕಟ್ಟಿದರೆ ವರ್ಷಕ್ಕೆ 7% ಬಡ್ಡಿ ಸಬ್ಸಿಡಿ ಖಾತೆಗೇ ಬೀಳುತ್ತದೆ, ಮುಂದಿನ ಸಲ ಆಗ 20,000 ಕೇಳಬಹುದಿತ್ತು. ವ್ಯಾಪಾರಿ ಅನ್ನೋ ಗುರುತಿನ ಚೀಟಿ ಇಲ್ಲದವರಿಗೆ ಪಾಲಿಕೆಯ ಶಿಫಾರಸು ಪತ್ರ ಬೇಕು.

ಅರ್ಜಿ ಹಾಕುವಾಗ ನಾವು ಎಡವಿದ್ದು ಎಲ್ಲಿ ಗೊತ್ತಾ? ಆಧಾರ್‌ಗೆ ಕೊಟ್ಟಿದ್ದ ಸಿಮ್ ಅಪ್ಪ ಯಾವತ್ತೋ ಕಳೆದಿದ್ದರು. ಓಟಿಪಿ ಯಾರಿಗೋ ಹೋಗುತ್ತಿತ್ತು! ನಂಬರ್ ಬದಲಿಸಲು ಎರಡು ದಿನ ಸುಮ್ನೆ ಹಾಳು.

ದುಡ್ಡು ಬಂದ ಸಂಜೆ ಅಮ್ಮ ಮೊದಲು ತಂದಿದ್ದು ಕಡಲೆಹಿಟ್ಟು, ಎಣ್ಣೆ ಡಬ್ಬ, ಉದ್ದ ಮೆಣಸಿನಕಾಯಿ. ಕ್ಯೂಆರ್ ಕೋಡನ್ನು ಮಂಡಕ್ಕಿ ಡಬ್ಬಕ್ಕೇ ಅಂಟಿಸಿದ್ದಾಳೆ. ಅದರ ಮೇಲೆ ಎಣ್ಣೆ ಕೈಯ ಗುರುತು ಜಾಸ್ತಿಯಾಗಿ ಈಗ ಸ್ಕ್ಯಾನೇ ಆಗ್ತಿಲ್ಲ.